ಕಿವಿ ನೋಯುತ್ತದೆ, ಕಿವಿಯಲ್ಲಿ ಮಾತ್ರ ಏನೂ ಇಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಾಯದ ಹುಣ್ಣು, ಕತ್ತಿನ ಗಂಟು ಎಂದರೆ ಕ್ಯಾನ್ಸರ್ ಇರಬಹುದು ಎಂಬುದು ಈಗ ಬಹಳ ಜನರಿಗೆ ಗೊತ್ತು. ಈ ಸಲ ಬಂದ ಪತ್ರಗಳಲ್ಲಿ ಹುಣ್ಣೂ ಇಲ್ಲ, ಗಂಟೂ ಇಲ್ಲ. ಜೋಮು, ಕಿವಿನೋವು, ಸೊಟ್ಟಗಾದ ಬಾಯಿ, ಬಿದ್ದುಹೋದ ದನಿ, ಎರಡೆರಡಾಗಿ ಕಾಣುವ ಕಣ್ಣು ಇವೆ. ಎಲ್ಲವೂ ನರಗಳ ದೂರು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಕೆಲವರಲ್ಲಿ ಮಾತ್ರ ಗಡ್ಡೆ ಕಣ್ಣಿಗೆ ಬೀಳುವ ಮೊದಲೇ ನರ ಅದರ ಸುಳಿವು ಕೊಟ್ಟಿರುತ್ತದೆ. ತಲೆ-ಕುತ್ತಿಗೆ ಶಸ್ತ್ರಚಿಕಿತ್ಸಕರು ಮತ್ತು ನರರೋಗ ತಜ್ಞರು ಸೇರಿ ಉತ್ತರಿಸಿದ್ದಾರೆ.

ವಯಸ್ಸು 54. ಎರಡು ತಿಂಗಳಿಂದ ಬಲಗಿವಿಯ ಒಳಗೆ ನೋವು. ಮೂರು ಸಲ ಹನಿ ಬದಲಾಯಿಸಿದ್ದಾಯಿತು. ಕಿವಿ ಚೆನ್ನಾಗಿದೆ ಎಂದೇ ಇಬ್ಬರು ವೈದ್ಯರು ಹೇಳಿದರು. ಹುಳಿ ನುಂಗುವಾಗ ನೋವು ಕಿವಿಗೇ ಚುಚ್ಚುತ್ತದೆ. ಮೂವತ್ತು ವರ್ಷದಿಂದ ಕವಳ ಹಾಕುತ್ತೇನೆ. – ಕೃಷಿಕ, ಶಿರಸಿ

ಕಿವಿಯ ತಮಟೆ ಸರಿಯಿದೆ ಎಂದು ಇಬ್ಬರು ನೋಡಿ ಹೇಳಿದ ಮೇಲೆ ನಾಲ್ಕನೇ ಬಾಟಲಿ ಹನಿ ಬೇಡ. ಈಗ ನೋಡಬೇಕಾದದ್ದು ನಿಮ್ಮ ಗಂಟಲು. ಅದೂ ಈ ವಾರವೇ.

ಕಿವಿಗೆ ಸ್ಪರ್ಶ ತರುವ ನರಗಳು ಹಲವು. ಒಂದೊಂದಕ್ಕೂ ಬೇರೆ ಕಡೆ ಇನ್ನೊಂದು ಕವಲಿದೆ. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ಕಪಾಲ ನರಗಳಲ್ಲಿ ಐದನೆಯದರ ಕವಲು ಕೆಳದವಡೆ, ಕೆಳಹಲ್ಲು, ನಾಲಗೆಯ ಮುಂಭಾಗಕ್ಕೂ ಹೋಗುತ್ತದೆ. ಒಂಬತ್ತನೆಯದು ಟಾನ್ಸಿಲ್ಲಿಗೂ ನಾಲಗೆಯ ಬುಡಕ್ಕೂ ಹೋಗಿ, ಜೇಕಬ್ಸನ್ ನರ ಎಂಬ ಸಣ್ಣ ಎಳೆಯಾಗಿ ತಮಟೆಯ ಹಿಂದಿನ ನಡುಗಿವಿಗೆ ಬರುತ್ತದೆ. ಹತ್ತನೆಯದು ಧ್ವನಿಪೆಟ್ಟಿಗೆಗೂ ಹೋಗುತ್ತದೆ, ಆರ್ನಾಲ್ಡ್ ನರವಾಗಿ ಕಿವಿಯ ಕೊಳವೆಯ ಚರ್ಮಕ್ಕೆ ಸೇರುತ್ತದೆ. ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುತ್ತದಲ್ಲ, ಅದಕ್ಕೆ ಕಾರಣ ಈ ಕೊನೆಯ ಎಳೆಯೇ. ಕಿವಿ ಮುಟ್ಟಿದರೆ ಗಂಟಲು ಕೆಮ್ಮುವುದು ಹೇಗೋ, ಗಂಟಲಲ್ಲಿ ಗಾಯವಾದರೆ ಕಿವಿ ನೋಯುವುದೂ ಹಾಗೆಯೇ. ನೋವು ಎಲ್ಲಿಂದ ಹೊರಟಿತು ಎಂಬುದನ್ನು ಮೆದುಳು ಗುರುತಿಸುವಲ್ಲಿ ತಪ್ಪುತ್ತದೆ.

ನಾಲಗೆಯ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಯ ಎರಡೂ ಪಕ್ಕದ ಗುಳಿಗಳು – ಈ ಮೂರೂ ಬಾಯಿ ತೆರೆದು ಟಾರ್ಚ್ ಬಿಟ್ಟರೆ ಪೂರ್ತಿ ಕಾಣುವ ಜಾಗಗಳಲ್ಲ. ಗಂಟಲು ನೋಡಿದೆವು, ಏನಿಲ್ಲ ಎಂದರೂ ಸಮಾಧಾನವಾಗಬಾರದು. ಕಿವಿ-ಮೂಗು-ಗಂಟಲು ತಜ್ಞರಲ್ಲಿ ಎರಡು ಪರೀಕ್ಷೆ ಆಗಲೇಬೇಕು. ಕೈಗವಸು ಹಾಕಿದ ಬೆರಳಿನಿಂದ ನಾಲಗೆಯ ಬುಡವನ್ನೂ ಟಾನ್ಸಿಲ್ಲನ್ನೂ ಒತ್ತಿ ನೋಡುವುದು ಮೊದಲನೆಯದು. ಓಕರಿಕೆ ಬರುತ್ತದೆ, ಸಹಿಸಿಕೊಳ್ಳಿ. ಲೋಳೆಪೊರೆಯ ಕೆಳಗೆ ಅಡಗಿದ ಗಟ್ಟಿ ಗಡ್ಡೆ ಕ್ಯಾಮೆರಾಗಿಂತ ಮೊದಲು ಬೆರಳಿಗೇ ಸಿಕ್ಕುವುದುಂಟು. ಎರಡನೆಯದು ಮೂಗಿನ ಮೂಲಕ ಇಳಿಸುವ ಬಾಗುವ ದುರ್ಬೀನು. ಅದರ ದಪ್ಪ 3ರಿಂದ 4 ಮಿಲಿಮೀಟರ್. ಮೂಗಿಗೆ ಮರಗಟ್ಟುವ ಔಷಧಿ ಸಿಂಪಡಿಸಿ ಐದು ನಿಮಿಷದಲ್ಲಿ ಮುಗಿಸುತ್ತಾರೆ, ಆಸ್ಪತ್ರೆಗೆ ಸೇರಬೇಕಿಲ್ಲ. ಎರಡರಲ್ಲೂ ಏನೂ ಸಿಗದೆ ನೋವು ಮುಂದುವರಿದರೆ ಕಾಂಟ್ರಾಸ್ಟ್ (ಚಿತ್ರದಲ್ಲಿ ರೋಗದ ಜಾಗ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಹಾಕಿ ಎಂಆರ್‌ಐ ಅಥವಾ ಸಿಟಿ ಮಾಡಿಸಬೇಕು.

ಈ ನಡುವೆ ಕತ್ತಿನಲ್ಲಿ ಗಂಟು ಕಂಡರೆ ಅದನ್ನು ಕೊಯ್ದು ತೆಗೆಸಲು ಒಪ್ಪಬೇಡಿ. ಮೊದಲು ಸೂಜಿ ಪರೀಕ್ಷೆ ಆಗಲಿ. ಮೂಲ ಹುಡುಕದೆ ಗಂಟನ್ನು ಕೊಯ್ದರೆ ಮುಂದಿನ ದೊಡ್ಡ ಶಸ್ತ್ರಚಿಕಿತ್ಸೆಗೆ ಬೇಕಾದ ಜಾಗ ಕೆಡುತ್ತದೆ.

ಹುಳುಕು ಹಲ್ಲು, ದವಡೆಯ ಕೀಲಿನ ಸವೆತ, ಟಾನ್ಸಿಲ್ ಸೋಂಕುಗಳಿಂದಲೂ ಇಂಥ ಕಿವಿನೋವು ಬರುತ್ತದೆ. ನಿಮ್ಮ ವಿಷಯದಲ್ಲಿ ಒಂದೇ ಕಡೆ ನೋವು, ನುಂಗುವಾಗ ಹೆಚ್ಚುವುದು, ಎರಡು ತಿಂಗಳು, ಮೂವತ್ತು ವರ್ಷದ ಕವಳ – ಇಷ್ಟೂ ಒಟ್ಟಿಗಿವೆ. ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕದ ಹಿಂದೆಯೇ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಹೇಳುವುದು ಕಷ್ಟ, ಹೇಳದಿರುವುದು ತಪ್ಪು.

ತಾಯಿಗೆ 61 ವರ್ಷ. ಒಂದು ತಿಂಗಳಿಂದ ಎಡಗಡೆ ಕೆಳದುಟಿ ಮತ್ತು ಗದ್ದ ಜೋಮು ಹಿಡಿದಂತಿದೆ. ಕಾಫಿ ಕುಡಿದರೆ ಆ ಕಡೆಯಿಂದ ಸೋರುವುದೂ ಗೊತ್ತಾಗುವುದಿಲ್ಲ. ಹಲ್ಲು ಕೀಳಿಸಿಲ್ಲ. ಬಿ12 ಇಂಜೆಕ್ಷನ್ ಐದು ಆಗಿದೆ. – ಒಬ್ಬ ಮಗಳು, ದಾವಣಗೆರೆ

ಬಿ12 ಕೊರತೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಶುರುವಾಗಿ, ಕ್ರಮೇಣ ಎರಡೂ ಕೈಗೆ ಬರುತ್ತದೆ. ಅರ್ಧ ಗದ್ದಕ್ಕೆ ಮಾತ್ರ ಬರುವುದಿಲ್ಲ. ಇಂಜೆಕ್ಷನ್‌ನಿಂದ ತೊಂದರೆಯೇನಿಲ್ಲ, ಆದರೆ ಅದರ ಹೆಸರಿನಲ್ಲಿ ಒಂದು ತಿಂಗಳು ಹೋಗಿದೆ.

ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆಯಿದೆ. ಅದರಲ್ಲಿ ಹರಿದು ಬರುವ ನರ, ಮುಂದಿನ ದವಡೆಹಲ್ಲುಗಳ ಬೇರಿನ ಕೆಳಗೆ ಸಣ್ಣ ರಂಧ್ರದಿಂದ ಹೊರಬಂದು ಕೆಳದುಟಿ ಮತ್ತು ಗದ್ದಕ್ಕೆ ಹರಡುತ್ತದೆ. ಅದು ಸ್ಪರ್ಶದ ನರ, ಸ್ನಾಯು ಆಡಿಸುವುದಿಲ್ಲ. ಆದ್ದರಿಂದಲೇ ತಾಯಿಯವರ ತುಟಿ ಸೊಟ್ಟಗಾಗದೆ ಕಾಫಿ ಸೋರುತ್ತಿದೆ. ಬಟ್ಟಲು ತುಟಿಗೆ ತಾಗಿದ್ದೇ ತಿಳಿಯುವುದಿಲ್ಲ. ಮೂಳೆಯೊಳಗೆ ಏನಾದರೂ ಬೆಳೆದು ಕಾಲುವೆಯನ್ನು ಒತ್ತಿದರೆ ಮೊದಲು ಹೋಗುವುದು ಈ ಸ್ಪರ್ಶವೇ. ಬಾಯಿಯ ಕ್ಯಾನ್ಸರ್ ಮೂಳೆಗೆ ಇಳಿದಾಗ ಹೀಗಾಗುತ್ತದೆ. ಇದಕ್ಕಿಂತ ಎಚ್ಚರಿಕೆಯ ಮಾತೆಂದರೆ, ಸ್ತನ ಕ್ಯಾನ್ಸರ್, ಲಿಂಫೋಮಾದಂಥ (ದುಗ್ಧಗ್ರಂಥಿಗಳ ಕ್ಯಾನ್ಸರ್) ಬೇರೆ ಕಡೆಯ ಕಾಯಿಲೆಗಳೂ ದವಡೆಗೆ ಬಂದು ಕೂತು ಅರ್ಧ ಗದ್ದದ ಜೋಮಿನಿಂದಲೇ ಮೊದಲು ಗೊತ್ತಾಗುವುದುಂಟು.

ಕನ್ನಡಿಯ ಮುಂದೆ ಕೂರಿಸಿ, ಹತ್ತಿಯ ಎಳೆಯಿಂದ ಬಲದಿಂದ ಎಡಕ್ಕೆ ಸವರುತ್ತಾ ಬನ್ನಿ. ಎಲ್ಲಿ ಸ್ಪರ್ಶ ಮಂಕಾಗುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಗೆರೆ ಗದ್ದದ ನಡುವಿಗೆ ಸರಿಯಾಗಿ ನಿಂತರೆ ಒಂದೇ ನರದ ತೊಂದರೆ ಎಂಬುದಕ್ಕೆ ಬಲ ಬರುತ್ತದೆ. ಫೋಟೊ ತೆಗೆದಿಡಿ, ವಾರದ ನಂತರ ಮತ್ತೆ ಮಾಡಿ. ಗುರುತು ದೊಡ್ಡದಾಗುತ್ತಿದೆಯೇ ಎಂಬುದು ವೈದ್ಯರಿಗೆ ಬಹಳ ಉಪಯೋಗ.

ದಂತವೈದ್ಯರಲ್ಲಿ ಇಡೀ ದವಡೆಯ ಎಕ್ಸ್‌ರೇ, ಅಂದರೆ ಓಪಿಜಿ, ಮೊದಲ ಹೆಜ್ಜೆ. ಅದು ಸರಿಯಿದ್ದರೆ ಅಲ್ಲಿಗೇ ನಿಲ್ಲಬಾರದು. ಮೂಳೆ ಸಾಕಷ್ಟು ಕರಗಿದ ಮೇಲಷ್ಟೇ ಎಕ್ಸ್‌ರೇಯಲ್ಲಿ ಕಾಣುತ್ತದೆ. ದವಡೆ ಮತ್ತು ತಲೆಬುರುಡೆಯ ತಳದ ಎಂಆರ್‌ಐ, ರಕ್ತಕಣಗಳ ಎಣಿಕೆ, ಎರಡೂ ಸ್ತನಗಳ ಪರೀಕ್ಷೆ ಮೂರೂ ಆಗಬೇಕು. ಗೊತ್ತಾಗುವವರೆಗೆ "ಅಲ್ಲಾಡುತ್ತಿದೆ" ಎಂದು ಆ ಕಡೆಯ ಹಲ್ಲು ಕೀಳಿಸಬೇಡಿ. ಸ್ಟಿರಾಯ್ಡ್ ಮಾತ್ರೆ ಕೊಟ್ಟರೆ ಯಾಕೆಂದು ಕೇಳಿ. ಲಿಂಫೋಮಾ ಇದ್ದರೆ ಅದರಿಂದ ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ, ಬಯಾಪ್ಸಿಯೇ (ತುಣುಕು ತೆಗೆದು ನೋಡುವ ಪರೀಕ್ಷೆ) ದಾರಿ ತಪ್ಪಬಹುದು.

ಐದು ತಿಂಗಳ ಹಿಂದೆ ಬಲಗಡೆ ಮುಖ ವಾರೆಯಾಯಿತು. ಬೆಲ್ಸ್ ಪಾಲ್ಸಿ, ತಾನೇ ಸರಿಹೋಗುತ್ತದೆ ಎಂದರು. ಶುರುವಾದದ್ದು ನಿಧಾನ: ಮೊದಲು ತುಟಿಯ ತುದಿ, ಮೂರು ವಾರದ ಮೇಲೆ ಕಣ್ಣು. ಈಗಲೂ ಹಾಗೇ ಇದೆ. ಕರೆಂಟ್ ಹಿಡಿಸುತ್ತಿದ್ದೇನೆ. – ಅಂಗಡಿ ಮಾಲೀಕ, ಹುಬ್ಬಳ್ಳಿ

ನಿಮ್ಮ ಪತ್ರದ ಅತಿ ಮುಖ್ಯ ಮಾತು "ನಿಧಾನ" ಎಂಬುದು.

ಬೆಲ್ಸ್ ಪಾಲ್ಸಿ ಎಂದರೆ ಮುಖ ಆಡಿಸುವ ನರ ಸೋಲುವುದು, ಅದು ಥಟ್ಟನೆ ಬರುವ ಕಾಯಿಲೆ. ರಾತ್ರಿ ಮಲಗಿದವರು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಸೋರಿದಾಗ ಗಮನಿಸುತ್ತಾರೆ. 72 ಗಂಟೆಯೊಳಗೆ ಅದು ಎಷ್ಟು ಬಿಗಡಾಯಿಸಬೇಕೋ ಅಷ್ಟೂ ಬಿಗಡಾಯಿಸಿರುತ್ತದೆ. ಸ್ಟಿರಾಯ್ಡ್ ಕೂಡ ಆ 72 ಗಂಟೆಯೊಳಗೇ ಶುರುವಾಗಬೇಕು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಚೇತರಿಕೆ ಕಾಣಿಸುತ್ತದೆ. ಮೂರು ತಿಂಗಳಾದರೂ ಒಂದಿಷ್ಟೂ ಅಲುಗಾಡದಿದ್ದರೆ ಬೆಲ್ಸ್ ಎಂಬ ಹೆಸರನ್ನು ಹಿಂತೆಗೆದುಕೊಂಡು ಮೊದಲಿನಿಂದ ಹುಡುಕಬೇಕು. ವಾರಗಟ್ಟಲೆ ಮೆಲ್ಲಗೆ ಹೆಚ್ಚುವುದು, ಮುಖದ ಒಂದು ಕವಲು ಮಾತ್ರ ಬೀಳುವುದು, ಬೀಳುವ ಮೊದಲು ಕೆನ್ನೆ ಅದುರುವುದು, ಅದೇ ಕಡೆ ಎರಡನೇ ಸಲ ಬರುವುದು – ಯಾವುದಿದ್ದರೂ ಗಡ್ಡೆ ಇಲ್ಲವೆಂದು ಖಚಿತವಾಗುವವರೆಗೆ ಗಡ್ಡೆಯೇ ಎಂದುಕೊಂಡು ನಡೆಯಬೇಕು.

ಮುಖದ ಏಳನೇ ನರ ಕಿವಿಯ ಹಿಂದಿನ ಮೂಳೆಯಿಂದ ಹೊರಬಂದು, ಕಿವಿಯ ಮುಂದಿರುವ ಪರೋಟಿಡ್ ಎಂಬ ಜೊಲ್ಲುಗ್ರಂಥಿಯನ್ನು ಸೀಳಿಕೊಂಡು ಐದು ಕವಲಾಗುತ್ತದೆ. ಈ ಗ್ರಂಥಿಯ ಸಾಧಾರಣ ಗಡ್ಡೆಗಳು ವರ್ಷಗಟ್ಟಲೆ ನಿಂಬೆಹಣ್ಣಿನಷ್ಟು ಬೆಳೆದರೂ ನರವನ್ನು ಪಕ್ಕಕ್ಕೆ ತಳ್ಳುತ್ತವೆಯೇ ಹೊರತು ಬೀಳಿಸುವುದು ಅಪರೂಪ. ಆದ್ದರಿಂದ ಪರೋಟಿಡ್ ಗಡ್ಡೆಯ ಜೊತೆ ಮುಖವೂ ಬಿದ್ದಿದ್ದರೆ ಅದು ಕ್ಯಾನ್ಸರ್ ಇರುವ ಸಂಭವವೇ ಹೆಚ್ಚು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂಬ ಬಗೆಯಂತೂ ನರದ ಹೊದಿಕೆಯನ್ನೇ ದಾರಿ ಮಾಡಿಕೊಂಡು, ಗಂಟೇ ಆಗದೆ, ಮೆಲ್ಲಗೆ ತಲೆಬುರುಡೆಯತ್ತ ತೆವಳುತ್ತದೆ. ಮುಟ್ಟಿದರೆ ಏನೂ ಸಿಗದಿರಬಹುದು.

ಆದ್ದರಿಂದ "ಮೆದುಳಿನ ಎಂಆರ್‌ಐ" ಎಂದಷ್ಟೇ ಚೀಟಿ ಬರೆದರೆ ಸಾಲದು. ಆ ಚಿತ್ರಗಳು ಪರೋಟಿಡ್ ಬರುವ ಮೊದಲೇ ಮುಗಿದುಬಿಡುತ್ತವೆ. ಮಿದುಳುಕಾಂಡದಿಂದ ಹಿಡಿದು ಕಿವಿಯ ಮೂಳೆ, ಪರೋಟಿಡ್, ಕೆಳದವಡೆಯ ಅಂಚಿನವರೆಗೆ ನರದ ಪೂರ್ತಿ ದಾರಿ ಸಿಗಬೇಕು. 3 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಪದರಗಳು, ಗಡೋಲಿನಿಯಮ್ ಕಾಂಟ್ರಾಸ್ಟ್, ಜೊತೆಗೆ ಕೊಬ್ಬಿನ ಬಿಳುಪನ್ನು ಅಡಗಿಸುವ ವಿಧಾನ ಬೇಕು. ಎಂಆರ್‌ಐಯಲ್ಲಿ ಕೊಬ್ಬೂ ಬಿಳಿ, ಕಾಂಟ್ರಾಸ್ಟ್ ಹೀರಿದ ರೋಗಗ್ರಸ್ತ ನರವೂ ಬಿಳಿ. ಕೊಬ್ಬನ್ನು ಕಪ್ಪಾಗಿಸದಿದ್ದರೆ ನರ ಅದರೊಳಗೆ ಮುಳುಗಿಹೋಗುತ್ತದೆ. ಕಾಂಟ್ರಾಸ್ಟ್‌ಗೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡಿಸಿ. ಚೀಟಿಯಲ್ಲಿ "ಬಲಗಡೆ ಏಳನೇ ನರ, ನಿಧಾನವಾಗಿ ಹೆಚ್ಚಿದ ಬಲಹೀನತೆ, 5 ತಿಂಗಳು" ಎಂದು ಬರೆಸಿಕೊಳ್ಳಿ. ಚಿತ್ರ ಓದುವವರಿಗೆ ಏನು ಹುಡುಕಬೇಕೆಂದು ಗೊತ್ತಿದ್ದರೆ ಮಾತ್ರ ಸಣ್ಣ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಮುಖದ ಚರ್ಮದ ಮೇಲಿನ ಗಂಟನ್ನೋ ಮಚ್ಚೆಯನ್ನೋ ಹಿಂದೆಂದಾದರೂ ತೆಗೆಸಿದ್ದರೆ ಅದನ್ನೂ ಹೇಳಿ, ಚರ್ಮದ ಕ್ಯಾನ್ಸರ್ ಇದೇ ನರ ಹಿಡಿದು ವರ್ಷಗಳ ಮೇಲೆ ಮರಳುವುದುಂಟು.

ಕರೆಂಟ್ ಹಿಡಿಸುವುದನ್ನು ಸದ್ಯ ನಿಲ್ಲಿಸಿ. ಕಣ್ಣನ್ನು ಮಾತ್ರ ಇಂದಿನಿಂದಲೇ ಕಾಪಾಡಿಕೊಳ್ಳಿ: ಹಗಲಲ್ಲಿ ಒಂದೆರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಟೇಪಿನಿಂದ ಮುಚ್ಚಿ ಮಲಗಬೇಕು. ಕಣ್ಣು ಕೆಂಪಾಗಿ ನೋಯತೊಡಗಿದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ಬಡಗಿ ಕೆಲಸ, 58 ವರ್ಷ. ಎಡಗೆನ್ನೆ ಮತ್ತು ಮೇಲ್ದುಟಿಯಲ್ಲಿ ಇರುವೆ ಹರಿದಂತೆ ಆಗುತ್ತದೆ. ಮೇಲಿನ ಎರಡು ಹಲ್ಲು ಅಲ್ಲಾಡುತ್ತಿವೆ. ಸೈನಸ್ ಎಂದು ಔಷಧಿ ಕೊಟ್ಟಿದ್ದಾರೆ. – ಸಾಗರ

ಇರುವೆ ಹರಿದಂತಾಗುವುದನ್ನು ವೈದ್ಯರಿಗೆ ಹೇಳಲು ಬಹಳ ಜನ ಸಂಕೋಚಪಡುತ್ತಾರೆ. ಸಂಕೋಚ ಬೇಡ, ಸಾಯುತ್ತಿರುವ ಅಥವಾ ಕೆರಳಿದ ನರದ ಭಾಷೆಯೇ ಅದು. ಕಣ್ಣಿನ ಕೆಳಗಿನ ಮೂಳೆಯಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಒಂದು ರಂಧ್ರವಿದೆ. ಅಲ್ಲಿಂದ ಬರುವ ನರ ಕೆನ್ನೆ, ಮೂಗಿನ ಪಕ್ಕ, ಮೇಲ್ದುಟಿಗೆ ಹೋಗುತ್ತದೆ. ಅದರ ದಾರಿ ಮೇಲ್ದವಡೆಯ ಸೈನಸ್ಸಿನ ಛಾವಣಿಯಲ್ಲಿದೆ, ಹಲ್ಲಿನ ಬೇರುಗಳು ಅದೇ ಸೈನಸ್ಸಿನ ನೆಲದಲ್ಲಿವೆ. ಛಾವಣಿಯ ನರವೂ ನೆಲದ ಹಲ್ಲೂ ಒಟ್ಟಿಗೆ ಕೆಟ್ಟರೆ ನಡುವಿನ ಕೋಣೆಯಲ್ಲಿ ಏನೋ ತುಂಬಿದೆ ಎಂದೇ ಅರ್ಥ. ಸಾಮಾನ್ಯ ಸೈನಸ್ ಸೋಂಕು ಕೆನ್ನೆಯನ್ನು ನೋಯಿಸುತ್ತದೆ, ಮರಗಟ್ಟಿಸುವುದಿಲ್ಲ. ಆ ಕಡೆಯ ಮೂಗಿನಲ್ಲಿ ರಕ್ತ, ದುರ್ವಾಸನೆಯ ಸಿಂಬಳ ಇದೆಯೇ ನೋಡಿಕೊಳ್ಳಿ. ಮರದ ಧೂಳು ಮೂಗು ಮತ್ತು ಸೈನಸ್ಸಿನ ಕ್ಯಾನ್ಸರ್‌ಗೆ ಸಾಬೀತಾದ ಕಾರಣ, ಆದ್ದರಿಂದ ನಿಮ್ಮ ಕಸುಬನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮೂಗಿನ ದುರ್ಬೀನು ಪರೀಕ್ಷೆ ಮತ್ತು ಮುಖದ ಸಿಟಿ ಎರಡೂ ತಡವಿಲ್ಲದೆ ಆಗಬೇಕು. ಅಲ್ಲಿಯವರೆಗೆ ಹಲ್ಲು ಕೀಳಿಸಬೇಡಿ. ಕಿತ್ತ ಗುಳಿ ಮಾಯುವುದಿಲ್ಲ, ಗಡ್ಡೆ ಅಲ್ಲಿಂದ ಬಾಯಿಗೆ ಇಳಿಯುತ್ತದೆ.

ಕೆನ್ನೆಗೆ ಮಿಂಚು ಹೊಡೆದಂಥ ನೋವು, ಕೆಲವು ಸೆಕೆಂಡು ಮಾತ್ರ. ಹಲ್ಲುಜ್ಜಿದರೆ, ಗಾಳಿ ಬೀಸಿದರೆ ಬರುತ್ತದೆ. ಇದೂ ಕ್ಯಾನ್ಸರ್ ಇರಬಹುದೇ? – ನಿವೃತ್ತ ಶಿಕ್ಷಕಿ, ಮೈಸೂರು

ನೀವು ಬರೆದದ್ದು ಟ್ರೈಜೆಮಿನಲ್ ನ್ಯೂರಾಲ್ಜಿಯಾದ, ಅಂದರೆ ಮುಖಕ್ಕೆ ಸ್ಪರ್ಶ ತರುವ ಐದನೇ ನರದ ನೋವಿನ ಚಿತ್ರ. ಸಾಮಾನ್ಯವಾಗಿ ನರದ ಬುಡಕ್ಕೆ ರಕ್ತನಾಳವೊಂದು ಒರಗಿಕೊಂಡು ಬರುತ್ತದೆ, ಕಾರ್ಬಮಜೆಪಿನ್ ಮಾತ್ರೆಗೆ ಬಗ್ಗುತ್ತದೆ. ಎರಡು ಮಿಂಚಿನ ನಡುವೆ ಕೆನ್ನೆ ಪೂರ್ತಿ ಸಹಜವಾಗಿರಬೇಕು. ಜೋಮು ಉಳಿದುಕೊಂಡರೆ, ಮಿಂಚಿನ ಬದಲು ಇಡೀ ದಿನ ಕೊರೆಯುವ ನೋವಾದರೆ, ಹಲ್ಲು ಕಚ್ಚಿದಾಗ ಒಂದು ಕಡೆಯ ದವಡೆಯ ಸ್ನಾಯು ಉಬ್ಬದಿದ್ದರೆ ಹಾದಿ ಬೇರೆ. ಒಂದು ಸಲ ಎಂಆರ್‌ಐ ಈ ನೋವಿರುವ ಎಲ್ಲರಿಗೂ ಬೇಕು.

ಜ್ವರ ಬಂದು ಹೋದ ಮೇಲೆ ದನಿ ಬಿದ್ದಿದೆ, ಆರು ವಾರವಾಯಿತು. ಗಾಳಿ ಸೋರಿದಂತೆ ಮಾತು ಬರುತ್ತದೆ, ನೀರು ಕುಡಿದರೆ ಕೆಮ್ಮು. ಅಸಿಡಿಟಿ ಮಾತ್ರೆ ನಡೆದಿದೆ. – ಚಿಕ್ಕಮಗಳೂರು

ದನಿ ಬಿದ್ದು ಮೂರು ವಾರ ದಾಟಿದರೆ ಧ್ವನಿತಂತುಗಳನ್ನು ಕಣ್ಣಾರೆ ನೋಡದೆ ಯಾವ ಮಾತ್ರೆಯನ್ನೂ ಮುಂದುವರಿಸಬಾರದು. ಗೊಗ್ಗರು ದನಿಗೂ ಸೋರುವ ದನಿಗೂ ವ್ಯತ್ಯಾಸವಿದೆ. ತಂತುವಿನ ಮೇಲೆ ಗಂಟಿದ್ದರೆ ದನಿ ಒರಟು. ಒಂದು ತಂತು ಆಡುವುದನ್ನೇ ನಿಲ್ಲಿಸಿದರೆ ಎರಡೂ ಕೂಡದೆ ಗಾಳಿ ಸೋರುತ್ತದೆ, ನೀರು ಶ್ವಾಸನಾಳಕ್ಕೆ ಜಾರುತ್ತದೆ. ನಿಮ್ಮದು ಎರಡನೆಯದರಂತಿದೆ. ವೈರಸ್‌ನಿಂದಲೂ ಹೀಗಾಗುತ್ತದೆ, ಆದರೆ ಅದು ಬೇರೆಲ್ಲ ಇಲ್ಲವೆಂದಾದ ಮೇಲಿನ ತೀರ್ಮಾನ.

ತಂತುವನ್ನು ಆಡಿಸುವ ಎಡಗಡೆಯ ನರ ನೇರವಾಗಿ ಧ್ವನಿಪೆಟ್ಟಿಗೆಗೆ ಬರುವುದಿಲ್ಲ. ಎದೆಯೊಳಗೆ ಇಳಿದು, ಮಹಾಪಧಮನಿಯ ಕಮಾನಿಗೆ ಸುತ್ತು ಹಾಕಿ, ಥೈರಾಯಿಡ್‌ನ ಹಿಂದಿನಿಂದ ಮೇಲೆ ಹತ್ತುತ್ತದೆ. ಥೈರಾಯಿಡ್, ಅನ್ನನಾಳ, ಎಡ ಶ್ವಾಸಕೋಶದ ಕ್ಯಾನ್ಸರ್ ಎಲ್ಲಿ ಬೇಕಾದರೂ ಅದನ್ನು ಹಿಡಿಯಬಹುದು. ಆದ್ದರಿಂದ ಎಡತಂತು ನಿಂತಿದ್ದರೆ ಸಿಟಿ ತಲೆಬುರುಡೆಯ ತಳದಿಂದ ಎದೆಯವರೆಗೆ ಇರಬೇಕು, ಕತ್ತು ಮಾತ್ರ ಸಾಲದು. ಅಲ್ಲಿಯವರೆಗೆ ಗದ್ದವನ್ನು ಎದೆಗೆ ಬಾಗಿಸಿ, ಸಣ್ಣ ಗುಟುಕಿನಲ್ಲಿ ಕುಡಿಯಿರಿ. ತಿಳಿನೀರಿಗಿಂತ ಗಂಜಿ ಸಲೀಸು.

ನಾಗಾಲ್ಯಾಂಡಿನ ದಿಮಾಪುರದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಸಹೋದ್ಯೋಗಿಗೆ 38 ವರ್ಷ. ಒಂದು ಕಿವಿ ಕಟ್ಟಿದೆ, ಈಗ ಎರಡೆರಡು ಕಾಣುತ್ತಿದೆ. ಕಣ್ಣಿನ ವ್ಯಾಯಾಮ ಹೇಳಿದ್ದಾರೆ.

ವ್ಯಾಯಾಮ ಬಿಟ್ಟು ಮೂಗಿನ ಹಿಂಭಾಗ ನೋಡಿಸಿ. ನಮ್ಮ ದೇಶದಲ್ಲಿ ಮೂಗಿನ ಹಿಂಗೋಡೆಯ, ಅಂದರೆ ನೇಸೋಫ್ಯಾರಿಂಕ್ಸ್‌ನ ಕ್ಯಾನ್ಸರ್ ಒಟ್ಟಾರೆ ಅಪರೂಪ. ನಾಗಾಲ್ಯಾಂಡ್ ಮತ್ತು ಸುತ್ತಲಿನ ಗುಡ್ಡಗಾಡಿನಲ್ಲಿ ಹಾಗಲ್ಲ. ಅಲ್ಲಿ ಎಪ್‌ಸ್ಟೀನ್-ಬಾರ್ ವೈರಸ್‌ನ ಜೊತೆ ಇದರ ನಂಟು ಗಟ್ಟಿ. ಗಡ್ಡೆ ಕಿವಿಗೆ ಗಾಳಿ ಹೋಗುವ ಕೊಳವೆಯನ್ನು ಮುಚ್ಚಿದಾಗ ಕಿವಿ ಕಟ್ಟುತ್ತದೆ. ಮೇಲೆ ತಲೆಬುರುಡೆಯ ತಳಕ್ಕೆ ಹತ್ತಿದಾಗ, ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರವನ್ನು ಹಿಡಿದು ಎರಡೆರಡು ಕಾಣಿಸುತ್ತದೆ. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನೀರು ತುಂಬಿಕೊಂಡರೆ ಎಲ್ಲಿಯ ಊರಿನವರಾದರೂ ಮೂಗಿನ ಹಿಂಭಾಗ ನೋಡಲೇಬೇಕು. ಕತ್ತಿನ ಮೇಲ್ಭಾಗದಲ್ಲಿ ಗಂಟಿದೆಯೇ ನೋಡಿ. ಈ ಕ್ಯಾನ್ಸರ್ ವಿಕಿರಣ ಮತ್ತು ಕೀಮೋಗೆ ಚೆನ್ನಾಗಿ ಬಗ್ಗುತ್ತದೆ. ನರ ಹಿಡಿದಿದ್ದರೂ ಕೈಚೆಲ್ಲುವ ಸ್ಥಿತಿಯಲ್ಲ ಎಂದು ಅವರಿಗೆ ಹೇಳಿ.

ಮನೆಯಲ್ಲೇ ನೋಡಿಕೊಳ್ಳುವ ದಾರಿ ಇದೆಯೇ? – ಹಲವರು

ಇದೆ. ಕನ್ನಡಿ, ಟಾರ್ಚ್, ಹತ್ತಿ, ಒಂದು ಲೋಟ ನೀರು ಸಾಕು. ಹುಬ್ಬೇರಿಸಿ, ಕಣ್ಣು ಬಿಗಿದು ಮುಚ್ಚಿ, ಕೆನ್ನೆ ಊದಿಸಿ, ಹಲ್ಲು ಕಾಣಿಸಿ. ಎರಡೂ ಕಡೆ ಸಮವೇ? ನಾಲಗೆ ಹೊರಚಾಚಿ. ಅದು ವಾಲುವ ಕಡೆಯ ಹನ್ನೆರಡನೇ ನರ ಸೋತಿದೆ ಎಂದರ್ಥ. ಆ ಅರ್ಧ ಸೊರಗಿ ಸುಕ್ಕಾಗಿದ್ದರೆ, ಬಾಯೊಳಗೆ ವಿಶ್ರಾಂತಿಯಲ್ಲಿರುವಾಗಲೂ ಹುಳು ಹರಿದಂತೆ ಅದುರುತ್ತಿದ್ದರೆ ಅನುಮಾನವೇ ಬೇಡ. "ಆ" ಎಂದಾಗ ಕಿರುನಾಲಗೆ ನೇರ ಏರಬೇಕು. ಹಣೆ, ಕೆನ್ನೆ, ಗದ್ದವನ್ನು ಹತ್ತಿಯಿಂದ ಎರಡೂ ಕಡೆ ಸವರಿ ಹೋಲಿಸಿ. ಒಂದು ರೆಪ್ಪೆ ಇಳಿದು ಅದೇ ಕಣ್ಣಿನ ಪಾಪೆ ಸಣ್ಣದಾಗಿದೆಯೇ? ನಡುವಿನ ಮೂರು ಬೆರಳು ಲಂಬವಾಗಿ ಹಲ್ಲುಗಳ ನಡುವೆ ಹೋಗಬೇಕು. ಬಾಯಿ ಬಿಗಿಯುವುದಕ್ಕೆ ನಮ್ಮಲ್ಲಿ ಅಡಿಕೆ-ಗುಟ್ಕಾದ ನಾರುಗಟ್ಟುವಿಕೆ ಮೊದಲ ಕಾರಣ, ಅಗಿಯುವ ಸ್ನಾಯುವಿಗೆ ಇಳಿದ ಗಡ್ಡೆ ಇನ್ನೊಂದು. ಎರಡಕ್ಕೂ ವೈದ್ಯರು ಬೇಕು. ಕೊನೆಗೆ ನೀರು ಗುಟುಕರಿಸಿ, ಕೆಮ್ಮು ಬರಬಾರದು.

ಒಂದೇ ಕಡೆ ಇದ್ದು ಮೂರು ವಾರ ದಾಟಿದ್ದನ್ನು ತಾರೀಖಿನ ಸಮೇತ ಬರೆದುಕೊಂಡು ಹೋಗಿ. ಮುಖ ಥಟ್ಟನೆ ಬಿದ್ದು ಕೈಕಾಲೂ ಸೋತರೆ ಕಾಯುವ ಮಾತೇ ಇಲ್ಲ. ಅದು ಪಾರ್ಶ್ವವಾಯು, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರು ರೇಷನ್ ಕಾರ್ಡ್, ಆಧಾರ್ ಜೊತೆಗೆ ಹಳೆಯ ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆದು ಒಯ್ಯಿರಿ. ವರದಿಯ ಕಾಗದವೊಂದರಿಂದ ಮರುಪರೀಕ್ಷೆ ಆಗುವುದಿಲ್ಲ.

ಅಣ್ಣನಿಗೆ ನಾಲಗೆಯ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆ ಪೂರ್ತಿ ಹೋಗಿದೆ ಎಂದರು. ವರದಿಯಲ್ಲಿ "ಪೆರಿನ್ಯೂರಲ್ ಇನ್ವೇಷನ್ ಇದೆ" ಎಂದಿದೆ. ಅವನಿಗೆ ಜೋಮೇನೂ ಇರಲಿಲ್ಲ. ಇನ್ನೇನೂ ಬೇಡವೇ? – ತುಮಕೂರು

ಕ್ಯಾನ್ಸರ್ ಕೋಶಗಳು ನರದ ಹೊದಿಕೆಯ ಒಳಗೆ ಹೊಕ್ಕಿರುವುದು ಅಥವಾ ನರದ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಪ್ಪಿಕೊಂಡಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡಿದೆ ಎಂದು ಅದರ ಅರ್ಥ. ಹಿಡಿದದ್ದು ಸಣ್ಣ ಎಳೆಯಾದರೆ ಜೋಮು ಬರಬೇಕೆಂದಿಲ್ಲ. ಎಂಆರ್‌ಐಯಲ್ಲಿ ದೊಡ್ಡ ನರವೇ ದಪ್ಪಗಾಗಿ ಕಾಣುವುದು ಇದರ ಮುಂದಿನ, ಬೇರೆಯೇ ಸ್ಥಿತಿ. ಅಣ್ಣನದು ಅದಲ್ಲ. ಆದರೂ ಅಂಚಿನಾಚೆ ನರದ ಉದ್ದಕ್ಕೂ ಕೆಲವು ಕೋಶ ಉಳಿದಿರಬಹುದು, ಕಾಯಿಲೆ ಮರಳುವ ಸಂಭವ ಹೆಚ್ಚು. ಆದ್ದರಿಂದ ವಿಕಿರಣ ತಜ್ಞರನ್ನು ಈ ವಾರವೇ ಕಾಣಿ. ಗಡ್ಡೆಯ ಆಳ, ಅಂಚು, ಕತ್ತಿನ ಗಂಟುಗಳ ವರದಿಯನ್ನೂ ಸೇರಿಸಿಕೊಂಡು ಅವರು ತೀರ್ಮಾನಿಸುತ್ತಾರೆ. ಬೇಕೆಂದಾದರೆ ಸಾಮಾನ್ಯವಾಗಿ ಒಟ್ಟು 60 ಗ್ರೇ (ವಿಕಿರಣದ ಅಳತೆ), 30 ಸಲ, ವಾರಕ್ಕೆ ಐದು ದಿನದಂತೆ ಆರು ವಾರ. ಅದು ಶಸ್ತ್ರಚಿಕಿತ್ಸೆಯಾಗಿ ಆರು ವಾರದೊಳಗೆ ಶುರುವಾದರೆ ಒಳ್ಳೆಯದು. ಕೀಳಬೇಕಾದ ಹಲ್ಲುಗಳಿದ್ದರೆ ವಿಕಿರಣಕ್ಕೆ ಕನಿಷ್ಠ 10ರಿಂದ 14 ದಿನ ಮೊದಲು ಕಿತ್ತಿರಬೇಕು, ಗುಳಿ ಮಾಯಲು ಅಷ್ಟು ಬೇಕು. ನಂತರ ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ. ಹಾಗಾಗಿ ಹೊಲಿಗೆ ಬಿಚ್ಚಿಸಲು ಹೋದ ದಿನವೇ ದಂತವೈದ್ಯರನ್ನೂ ಕಂಡು ಬನ್ನಿ.